ಮನೆಯ ಹಿಂದೊಂದು ಕಾರು, ನಡುವೆ ಬೈಕು

ಅಮೆರಿಕದ ವಿನ್ನೆಬಾಗೋ ಕಂಪನಿ 1966ರಲ್ಲಿ ಮೋಟಾರ್‌ಹೋಮ್ ತಯಾರಿಸಲು ಶುರುಮಾಡಿದ ಮೇಲೆ ಚಕ್ರದ ಮೇಲಿನ ಮನೆ ಅಲ್ಲಿನ ಮಧ್ಯಮವರ್ಗಕ್ಕೂ ಎಟುಕಿತು. ಆದರೆ ಹಾಲು ತರೋಕೂ ಇಡೀ ಮನೆಯನ್ನೇ ಓಡಿಸ್ಕೊಂಡು ಹೋಗ್ಬೇಕಲ್ಲ! ಹಾಗಾಗಿ ಹಿಂದೆ ಒಂದು ಕಾರು ಕಟ್ಟಿದರು. ಹಡಗಿನ ಜೊತೆಗಿರುವ ಸಣ್ಣ ದೋಣಿಯ ಹೆಸರನ್ನೇ ಅದಕ್ಕಿಟ್ಟು 'ಡಿಂಗಿ' ಅಂದರು. 1969ರ ಹೋಂಡಾ ಸಿಟಿ70 ಬೈಕಿನ ಹ್ಯಾಂಡಲ್ಲಂತೂ ಮಡಚಿಡುವಂಥದ್ದು, ಒಯ್ಯೋಕೆ ಸಲೀಸು.

ಯಾವ ಕಾರು ಅನ್ನೋದನ್ನ ತೀರ್ಮಾನಿಸಿದ್ದು ಗೇರ್‌ಬಾಕ್ಸ್. ನಾಲ್ಕೂ ಚಕ್ರ ನೆಲದಲ್ಲಿಟ್ಟು ಎಳೆಯುವಾಗ ಎಂಜಿನ್ ಆಫ್. ಎಷ್ಟೋ ಆಟೋಮ್ಯಾಟಿಕ್ ಕಾರುಗಳಲ್ಲಿ ಗೇರ್‌ಬಾಕ್ಸಿಗೆ ಆಯಿಲ್ ಹರಿಸುವ ಪಂಪು ತಿರುಗೋದೇ ಎಂಜಿನ್‌ನಿಂದ. ಪಂಪು ನಿಂತು ಚಕ್ರ ಉರುಳ್ತಾ ಇದ್ದರೆ ಗೇರ್‌ಬಾಕ್ಸ್ ಕಥೆ ಮುಗೀತು. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ಗೆ ಹಾಕಬಹುದಾದ ಜೀಪು ಅಚ್ಚುಮೆಚ್ಚಾಗಿದ್ದು ಹೀಗೆ.

ಬೈಕೂ ಬೇಕು, ಕಾರೂ ಬೇಕು ಅಂದವರದು ಬೇರೆ ಫಜೀತಿ. ಮನೆಯ ಬೆನ್ನಿಗೆ ಬೈಕು, ಅದರಾಚೆ ಕಾರು. ಅಚ್ಚುಗಳ ನಡುವೆ 6 ಮೀಟರ್ ಇದ್ದು, 200 ಕೆಜಿ ಬೈಕು ಹಿಂದಿನ ಅಚ್ಚಿನಿಂದ 3 ಮೀಟರ್ ಆಚೆ ಕೂತರೆ, ಆ ಅಚ್ಚಿಗೆ 300 ಕೆಜಿ ಹೆಚ್ಚುತ್ತೆ. ಮುಂದಿನದರಿಂದ 100 ಕೆಜಿ ಇಳಿಯುತ್ತೆ. ಸ್ಟೀರಿಂಗ್ ತಿರುಗಿಸಿದರೂ ಮುಂದಿನ ಚಕ್ರಕ್ಕೆ ಹಿಡಿತ ಸಾಲದು. ಹಿಂಭಾರವಾದ ಗಾಡಿಯ ನೊಗ ಮೇಲೆದ್ದು ಎತ್ತುಗಳ ಕತ್ತು ಬಿಗಿಯೋದನ್ನ ನೋಡಿದ ನಮ್ಮೂರಿನವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಎರಡನ್ನೂ ಒಂದೇ ಟ್ರೇಲರಿಗೆ ಹತ್ತಿಸಿದರೆ ಹೆಚ್ಚಿನ ಭಾರ ಅದರ ಚಕ್ರಗಳ ಮೇಲೇ ಬೀಳುತ್ತೆ.