ಕಣ್ಣು ಮುಚ್ಚಿ ಕಲಿತ ತರಗತಿ

ಚಿತ್ರ ಬರೆಯಲು ಕಲಿತವರು ಚಿತ್ರ ಕಲಿಸುವುದನ್ನು ಎಲ್ಲಿ ಕಲಿಯುತ್ತಾರೆ? ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ಚಿತ್ರಕಲಾ ಶಿಕ್ಷಣದ ಇತಿಹಾಸವನ್ನು ಪಿಎಚ್.ಡಿ.ಗಾಗಿ ಓದಲು ಕುಳಿತ ಮೇಲೆ ನನಗೆ ಇದರಿಂದ ಬಿಡುಗಡೆಯೇ ಸಿಕ್ಕಿಲ್ಲ. ಕಲಾಶಾಲೆ ಕೈಯನ್ನು ಪಳಗಿಸುತ್ತದೆ, ಪರೀಕ್ಷೆ ಪ್ರಮಾಣಪತ್ರ ಕೊಡುತ್ತದೆ. ಇವೆರಡನ್ನೂ ಜೋಳಿಗೆಗೆ ಹಾಕಿಕೊಂಡ ಹುಡುಗನೋ ಹುಡುಗಿಯೋ ಒಂದು ದಿನ ನಲವತ್ತು ಮಕ್ಕಳ ಎದುರು ಬಂದು ನಿಲ್ಲುತ್ತಾರೆ. ಆ ಕ್ಷಣದಲ್ಲಿ ಕಲಾಶಾಲೆಯಲ್ಲಿ ಕಲಿತದ್ದು ಎಷ್ಟು ಉಪಯೋಗಕ್ಕೆ ಬರುತ್ತದೆ, ಎಷ್ಟು ಅಡ್ಡ ಬರುತ್ತದೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕವಳು ಮರಿಯನ್ ರಿಚರ್ಡ್‌ಸನ್. ಅವಳ ಕತೆಗೆ ಬರುವ ಮೊದಲು ಅವಳು ಯಾವುದರಿಂದ ಹೊರಗೆ ಬಂದಳು ಎನ್ನುವುದನ್ನು ನೋಡಬೇಕು.

1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದ ನಂತರ, ಇಂಗ್ಲೆಂಡಿನ ಕಾರ್ಖಾನೆಗಳ ವಿನ್ಯಾಸ ಫ್ರಾನ್ಸಿನ ಮುಂದೆ ಸಪ್ಪೆ ಎಂಬ ಚಿಂತೆ ಅಲ್ಲಿನ ಸರ್ಕಾರವನ್ನು ಹಿಡಿದುಕೊಂಡಿತು. ಹೆನ್ರಿ ಕೋಲ್ ಎಂಬ ಅಧಿಕಾರಿಯ ಮುಂದಾಳತ್ವದಲ್ಲಿ ದೇಶದ ಎಲ್ಲ ಕಲಾಶಾಲೆಗಳಿಗೂ ಒಂದೇ ಪಠ್ಯಕ್ರಮ ಬಂತು. ರಿಚರ್ಡ್ ರೆಡ್‌ಗ್ರೇವ್ ರೂಪಿಸಿದ ಆ ಕ್ರಮದಲ್ಲಿ 23 ಹಂತಗಳಿದ್ದವು. ಮೊದಲು ಅಳತೆಪಟ್ಟಿ ಹಿಡಿದು ಗೆರೆ. ಆಮೇಲೆ ಅಚ್ಚಿನ ಹಾಳೆ ನೋಡಿ ಬಳ್ಳಿಯ ಅಂಚು. ಆಮೇಲೆ ಗಚ್ಚಿನ ಎರಕ ನೋಡಿ ನೆರಳು. ಸ್ವಂತ ವಿನ್ಯಾಸ ಬರುವುದು ಏಣಿಯ ತುದಿಯಲ್ಲಿ. ಶಾಲೆಗಳಲ್ಲಿ ಚಿತ್ರ ಕಲಿಸುವವರು ಇದೇ ಏಣಿಯ ಕೆಳಗಿನ ಕೆಲವು ಮೆಟ್ಟಿಲು ಹತ್ತಿ ಬಂದವರು. ಮಕ್ಕಳನ್ನೂ ಅದೇ ಮೆಟ್ಟಿಲುಗಳ ಮೇಲೆ ನಿಲ್ಲಿಸಿದರು. ಕಲಿತದ್ದನ್ನು ಕಲಿತ ಹಾಗೆಯೇ ದಾಟಿಸುವುದೇ ಬೋಧನೆ ಎಂದಾಗ, ಶಾಲೆಯ ಅನುಭವದಿಂದ ಶಿಕ್ಷಕ ಹೊಸದಾಗಿ ಕಲಿಯಬೇಕಾದದ್ದು ಏನೂ ಉಳಿಯಲಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರ ನೆರಳು ಪರಿಚಿತವೇ. ಡಿಕನ್ಸ್ 1854ರಲ್ಲಿ ಪ್ರಕಟಿಸಿದ ‘ಹಾರ್ಡ್ ಟೈಮ್ಸ್’ ಕಾದಂಬರಿಯ ಶುರುವಿನಲ್ಲಿ ಒಬ್ಬ ಸರ್ಕಾರಿ ಮನುಷ್ಯ ತರಗತಿಗೆ ಬಂದು ಮಕ್ಕಳನ್ನು ಕೇಳುತ್ತಾನೆ: ಗೋಡೆಯ ಕಾಗದದ ಮೇಲೆ ಕುದುರೆಯ ಚಿತ್ರ ಇರಬಹುದೇ? ನೆಲಹಾಸಿನ ಮೇಲೆ ಹೂವು ಇರಬಹುದೇ? ಹೂವೆಂದರೆ ತನಗೆ ಇಷ್ಟ ಎನ್ನುವ ಹುಡುಗಿಗೆ ಅವನು ಪಾಠ ಹೇಳುತ್ತಾನೆ. ಆ ಮನುಷ್ಯ ಹೆನ್ರಿ ಕೋಲ್‌ನ ವ್ಯಂಗ್ಯಚಿತ್ರ ಎಂದು ವಿಮರ್ಶಕರು ಗುರುತಿಸಿದ್ದಾರೆ.

ಈ ಏಣಿ ಹಡಗು ಹತ್ತಿ ನಮ್ಮಲ್ಲಿಗೂ ಬಂತು. ಮದರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯ 1850ರಲ್ಲಿ ಕಲಾಶಾಲೆ ತೆರೆದಿದ್ದ. ಮುಂಬಯಿಯಲ್ಲಿ 1857ರಲ್ಲಿ ಜೆ.ಜೆ. ಕಲಾಶಾಲೆ ಆರಂಭವಾಯಿತು. 1865ರಲ್ಲಿ ಅಲ್ಲಿಗೆ ಅಧ್ಯಾಪಕನಾಗಿ ಬಂದ ಲಾಕ್‌ವುಡ್ ಕಿಪ್ಲಿಂಗ್, ಕತೆಗಾರ ರಡ್ಯಾರ್ಡ್ ಕಿಪ್ಲಿಂಗನ ತಂದೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರದ ಕಡೆಗಳಲ್ಲಿ ‘ಎಲಿಮೆಂಟರಿ’, ‘ಇಂಟರ್‌ಮೀಡಿಯೆಟ್’ ಡ್ರಾಯಿಂಗ್ ಪರೀಕ್ಷೆಗಳು ಮನೆಮಾತಾದವು. ಇಂದಿಗೂ ಕರ್ನಾಟಕದಲ್ಲಿ ಡ್ರಾಯಿಂಗ್ ಲೋಯರ್, ಹೈಯರ್ ಎಂಬ ಗ್ರೇಡ್ ಪರೀಕ್ಷೆಗಳಿವೆ. ಅವುಗಳಿಗೆ ಕುಳಿತ ಓದುಗರು ಈ ಪುಟದ ಎದುರು ಕೆಲವರಾದರೂ ಇರಬಹುದು. ಹೂಜಿ, ಬಟ್ಟಲು, ಮಡಚಿಟ್ಟ ಬಟ್ಟೆ. ಮಧ್ಯದ ಗೆರೆಯ ಎರಡೂ ಕಡೆ ಸಮನಾಗಿ ಬರಬೇಕಾದ ವಿನ್ಯಾಸ. ಇದನ್ನು ಹಗುರವಾಗಿ ನೋಡಲು ನನಗೆ ಮನಸ್ಸಿಲ್ಲ. ನಮ್ಮ ಊರುಗಳ ಡ್ರಾಯಿಂಗ್ ಮಾಸ್ತರರು ಇದೇ ಶಿಸ್ತಿನಿಂದ ಅನ್ನ ಕಂಡುಕೊಂಡವರು. ಶಾಲೆಯ ಗೋಡೆಗೆ ನಕಾಶೆ, ನಾಟಕಕ್ಕೆ ಪರದೆ, ಗಣಪತಿಗೆ ಕಣ್ಣು, ಅಂಗಡಿಗೆ ಫಲಕ, ಎಲ್ಲವೂ ಅವರ ಕೈಯಿಂದಲೇ ಆಗಬೇಕಿತ್ತು. ಕೈ ಪಳಗಿತ್ತು. ಆದರೆ ಮಗುವಿನ ಕೈ ಏನು ಕೇಳುತ್ತಿದೆ ಎಂದು ವಿಚಾರಿಸಲು ಆ ವ್ಯವಸ್ಥೆಯಲ್ಲಿ ಜಾಗವೇ ಇರಲಿಲ್ಲ.

ಮರಿಯನ್ ರಿಚರ್ಡ್‌ಸನ್ ಹುಟ್ಟಿದ್ದು 1892ರಲ್ಲಿ, ಇಂಗ್ಲೆಂಡಿನ ಕೆಂಟ್ ಪ್ರದೇಶದ ಆಶ್‌ಫರ್ಡ್‌ನಲ್ಲಿ. ಹದಿಹರೆಯದಲ್ಲೇ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮ್ ಕಲಾಶಾಲೆ ಸೇರಿದಳು. ಅಲ್ಲಿ ಮುಖ್ಯಸ್ಥನಾಗಿದ್ದ ರಾಬರ್ಟ್ ಕ್ಯಾಟರ್‌ಸನ್ ಸ್ಮಿತ್ ಒಂದು ವಿಚಿತ್ರ ಅಭ್ಯಾಸ ಮಾಡಿಸುತ್ತಿದ್ದ. ಲಾಂದ್ರದ ಯಂತ್ರದಿಂದ ಪರದೆಯ ಮೇಲೆ ಒಂದು ವಸ್ತುವಿನ ಚಿತ್ರ ಮೂಡಿಸುವುದು, ಆರಿಸುವುದು. ವಿದ್ಯಾರ್ಥಿಗಳು ಕಣ್ಣು ಮುಚ್ಚಿ ಆ ರೂಪವನ್ನು ಮನಸ್ಸಿನಲ್ಲಿ ಹಿಡಿಯಬೇಕು, ಕಣ್ಣು ಮುಚ್ಚಿಕೊಂಡೇ ಕಾಗದದ ಮೇಲೆ ಗೀಚಬೇಕು. ಆಮೇಲೆ ನೆನಪಿನಿಂದ ಪೂರ್ತಿ ಬರೆಯಬೇಕು. ಅವನ ಗುರಿ ನೆನಪಿನ ಖಚಿತತೆ. ವಸ್ತು ಎದುರಿಗಿಲ್ಲದಿದ್ದರೂ ತಪ್ಪಿಲ್ಲದೆ ಬರೆಯುವ ಕುಶಲಕರ್ಮಿ ಅವನಿಗೆ ಬೇಕಿತ್ತು.

1912ರಲ್ಲಿ ಮರಿಯನ್ ಡಡ್ಲಿ ಎಂಬ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಚಿತ್ರಕಲಾ ಶಿಕ್ಷಕಿಯಾಗಿ ಹೋದಳು. ಇನ್ನೂ ಇಪ್ಪತ್ತರ ಆಸುಪಾಸು. ಡಡ್ಲಿ ಇರುವುದು ಕಲ್ಲಿದ್ದಲು, ಕಬ್ಬಿಣ, ಕುಲುಮೆಗಳ ‘ಕಪ್ಪು ನಾಡಿ’ನಲ್ಲಿ. ಗುರುವಿನಿಂದ ತಂದ ವಿಧಾನವನ್ನೇ ಅವಳು ಮೊದಲು ಬಳಸಿದ್ದು. ಆದರೆ ಶಾಲೆಯಲ್ಲಿ ಅದು ಬೇರೆಯೇ ದಾರಿ ಹಿಡಿಯಿತು. ಪರದೆಯ ಮೇಲಿನ ಚಿತ್ರದ ಬದಲು ಅವಳು ಮಾತಿನಲ್ಲೇ ಒಂದು ದೃಶ್ಯ ಕಟ್ಟತೊಡಗಿದಳು: ಒಂದು ಬೀದಿ, ಅದರ ಮೇಲೆ ಬಿದ್ದ ಬೆಳಕು, ಅಂಗಡಿಯೊಳಗಿನ ಬಣ್ಣಗಳು. ಮಕ್ಕಳು ಕಣ್ಣು ಮುಚ್ಚಿ ಕೇಳಿ, ಆಮೇಲೆ ಕುಂಚ ಹಿಡಿದರು. ಪರದೆಯ ಮೇಲೆ ಹೂಜಿ ತೋರಿಸಿದರೆ ಎಲ್ಲರ ಹಾಳೆಯಲ್ಲೂ ಅದೇ ಹೂಜಿ. ಮಾತಿನಲ್ಲಿ ಬೀದಿ ಹೇಳಿದರೆ ಪ್ರತಿ ಹುಡುಗಿಯ ಹಾಳೆಯಲ್ಲೂ ಅವಳದೇ ಬೀದಿ.

ಅಲ್ಲಿಂದ ಅವಳು ಇನ್ನೊಂದು ಹೆಜ್ಜೆ ಮುಂದೆ ಹೋದಳು. ಏನನ್ನೂ ಹೇಳದೆ, ಕಣ್ಣು ಮುಚ್ಚಿದಾಗ ತಾನಾಗಿ ಮೂಡುವ ಆಕಾರ, ಬಣ್ಣಗಳನ್ನೇ ಬರೆಯಿರಿ ಎಂದಳು. ಅವುಗಳನ್ನು ‘ಮನಸ್ಸಿನ ಚಿತ್ರ’ಗಳೆಂದು ಕರೆದಳು. ನನಗೆ ಇಡೀ ಪ್ರಯೋಗದಲ್ಲಿ ಅತ್ಯಂತ ದೊಡ್ಡದಾಗಿ ಕಾಣುವುದು ಇದು. ಹೂಜಿಯ ಚಿತ್ರವನ್ನು ಶಿಕ್ಷಕಿ ತಿದ್ದಬಹುದು, ಏಕೆಂದರೆ ಹೂಜಿ ಇಬ್ಬರಿಗೂ ಕಾಣುತ್ತದೆ. ಮನಸ್ಸಿನ ಚಿತ್ರವನ್ನು ತಿದ್ದುವುದು ಹೇಗೆ? ಮೂಲವನ್ನು ಕಂಡಿರುವುದು ಆ ಮಗು ಮಾತ್ರ. ಬರೆದದ್ದು ಕಂಡದ್ದಕ್ಕೆ ಹೊಂದಿತೋ ಇಲ್ಲವೋ ಎಂದು ಹೇಳಬೇಕಾದವಳೂ ಅವಳೇ. ಕೆಂಪು ಶಾಯಿಯ ಅಧಿಕಾರ ಸದ್ದಿಲ್ಲದೆ ಬೆಂಚಿನ ಆ ಕಡೆಗೆ ಹೋಯಿತು. ಇದನ್ನು ಕಲಾಶಾಲೆ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಡಡ್ಲಿಯ ಹುಡುಗಿಯರು ಹೇಳಿಕೊಟ್ಟರು.

1917ರಲ್ಲಿ ಅವಳು ಒಂದು ಕೆಲಸದ ಸಂದರ್ಶನಕ್ಕೆಂದು ಲಂಡನ್ನಿಗೆ ಹೋದಳು. ಕೆಲಸ ಸಿಗಲಿಲ್ಲ. ಆದರೆ ಕಲಾವಿಮರ್ಶಕ ರೋಜರ್ ಫ್ರೈ ತನ್ನ ಒಮೆಗಾ ಕಾರ್ಯಾಗಾರದಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನ ಇಟ್ಟಿದ್ದ. ಅವಳ ಕೈಯಲ್ಲಿ ತನ್ನ ವಿದ್ಯಾರ್ಥಿನಿಯರ ಚಿತ್ರಗಳ ಕಟ್ಟಿತ್ತು. ಅವನ್ನು ನೋಡಿದ ಫ್ರೈ ತನ್ನ ಪ್ರದರ್ಶನಕ್ಕೇ ಸೇರಿಸಿಕೊಂಡ, ಆ ವರ್ಷ ‘ಬರ್ಲಿಂಗ್ಟನ್ ಮ್ಯಾಗಜೀನ್’ನಲ್ಲಿ ಮಕ್ಕಳ ಚಿತ್ರಗಳ ಬಗ್ಗೆ ಬರೆದ. ಮುಂದೆ ಅವಳು ಲಂಡನ್ ಡೇ ಟ್ರೈನಿಂಗ್ ಕಾಲೇಜಿನಲ್ಲಿ ಚಿತ್ರಕಲಾ ಶಿಕ್ಷಕರಾಗಲು ಬಂದವರಿಗೆ ಪಾಠ ಹೇಳಿದಳು. 1930ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್‌ನ ಶಾಲೆಗಳಿಗೆ ಚಿತ್ರಕಲಾ ಪರಿವೀಕ್ಷಕಿಯಾದಳು. 1938ರಲ್ಲಿ ಆ ಶಾಲೆಗಳ ಮಕ್ಕಳ ಚಿತ್ರಗಳು ಕೌಂಟಿ ಹಾಲ್‌ನಲ್ಲಿ ಪ್ರದರ್ಶನಗೊಂಡವು. ಅವಳು ತೀರಿಕೊಂಡದ್ದು 1946ರಲ್ಲಿ. ‘ಆರ್ಟ್ ಅಂಡ್ ದ ಚೈಲ್ಡ್’ ಪುಸ್ತಕ ಬಂದದ್ದು ಅದಾದ ಎರಡು ವರ್ಷಕ್ಕೆ.

ಅವಳ ತರಬೇತಿ ತರಗತಿಗೆ ಬರುತ್ತಿದ್ದವರು ಕಲಾಶಾಲೆ ಮುಗಿಸಿದ ಯುವಕ ಯುವತಿಯರು. ಅವರಲ್ಲಿ ನ್ಯಾನ್ ಯಂಗ್‌ಮನ್ ಒಬ್ಬಳು. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಚಿತ್ರಕಾರಳಾಗಿ ಕಲಿತ ಅವಳು, ಮರಿಯನ್ ಬಳಿ ಪಳಗಿ ಶಾಲಾ ಶಿಕ್ಷಕಿಯಾದಳು. ಶಾಲೆಗಳು ಜೀವಂತ ಕಲಾವಿದರ ಮೂಲಕೃತಿಗಳನ್ನು ಕೊಳ್ಳುವಂತಾಗಲಿ ಎಂದು 1947ರಲ್ಲಿ ‘ಪಿಕ್ಚರ್ಸ್ ಫಾರ್ ಸ್ಕೂಲ್ಸ್’ ಪ್ರದರ್ಶನಗಳನ್ನು ಆರಂಭಿಸಿದಳು. ಅವು 1969ರವರೆಗೆ ನಡೆದವು.

ಒಂದು ಅನುಮಾನವನ್ನೂ ಇಲ್ಲಿ ಮುಚ್ಚಿಡಬಾರದು. ಶಿಕ್ಷಕಿಯ ಮಾತಿನಿಂದ ಹುಟ್ಟಿದ ಚಿತ್ರ ಮಗುವಿನದೋ, ಶಿಕ್ಷಕಿಯದೋ? ಒಳ್ಳೆಯ ಮಾತುಗಾರ್ತಿಯ ಧ್ವನಿಯೂ ಒಂದು ಬಗೆಯ ಅಚ್ಚು ಆಗಬಹುದಲ್ಲ. ನನಗನಿಸುವಂತೆ ಅಚ್ಚೇ ಇಲ್ಲದ ಬೋಧನೆ ಎಲ್ಲೂ ಇಲ್ಲ. ಆದರೆ ಮಗು ಅದನ್ನು ಮುರಿದಾಗ ಶಿಕ್ಷಕಿ ತಪ್ಪೆಂದು ಗುರುತು ಹಾಕುತ್ತಾಳೋ, ನಿಂತು ನೋಡುತ್ತಾಳೋ ಎನ್ನುವಲ್ಲಿ ವ್ಯತ್ಯಾಸ ಇದೆ.

ನಮ್ಮಲ್ಲೂ ನಿಂತು ನೋಡಿದವರಿದ್ದಾರೆ. ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ್ ಬೋಸರ ಶಿಷ್ಯರಾಗಿದ್ದ ದೇವಿ ಪ್ರಸಾದ್ 1944ರಲ್ಲಿ ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯ ‘ನಯೀ ತಾಲೀಮ್’ ಶಾಲೆಯ ಮಕ್ಕಳಿಗೆ ಚಿತ್ರ ಕಲಿಸಿದರು. ಸುಮಾರು ಎರಡು ದಶಕದ ಆ ಒಡನಾಟದಿಂದ, ಕಲೆ ಶಿಕ್ಷಣದ ಅಲಂಕಾರವಲ್ಲ, ಅಡಿಪಾಯ ಎಂಬ ವಾದ ಬೆಳೆದು ಪುಸ್ತಕವಾಯಿತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಂದಿಗೆ ಮಾಡಿದ ಪ್ರಯೋಗಗಳು ಕನ್ನಡಿಗರಿಗೆ ಗೊತ್ತೇ ಇವೆ.

ಇದೆಲ್ಲ ಇಂದಿಗೆ ಏಕೆ? 2014ರ ಎನ್‌ಸಿಟಿಇ ನಿಯಮಗಳ ಪ್ರಕಾರ ಎರಡು ವರ್ಷದ ಬಿ.ಎಡ್.ನಲ್ಲಿ 20 ವಾರಗಳ ಶಾಲಾ ಅನುಭವ ಕಡ್ಡಾಯ. ಒಳ್ಳೆಯದೇ. ಆದರೆ ವಾರಗಳನ್ನು ಎಣಿಸುವುದು ಸುಲಭ. ಪಾಠಯೋಜನೆಯ ಪುಸ್ತಕ ತುಂಬಿತೇ, ಮಾರ್ಗದರ್ಶಕರ ಸಹಿ ಬಿತ್ತೇ ಎಂದು ನೋಡುವುದೂ ಸುಲಭ. ಚಿತ್ರ ಕಲಿತ ಒಬ್ಬ ಹುಡುಗಿ ಶಾಲೆಯಿಂದ ಹೊರಗೆ ಬರುವಾಗ ಒಳಗೆ ಹೋದವಳೇ ಆಗಿದ್ದಾಳೋ, ಬದಲಾಗಿದ್ದಾಳೋ ಎಂದು ಯಾವ ನಮೂನೆಯೂ ಕೇಳುವುದಿಲ್ಲ. ಶಾಲಾ ಅನುಭವವನ್ನು ನಾವು ಕಲಿತದ್ದನ್ನು ತೋರಿಸುವ ರಂಗವೆಂದು ತಿಳಿದಿರುವವರೆಗೆ 23 ಮೆಟ್ಟಿಲಿನ ಏಣಿ ಬೇರೆ ಹೆಸರಿನಲ್ಲಿ ನಿಂತೇ ಇರುತ್ತದೆ.

ನಮ್ಮ ಭಾಷೆಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಅಕ್ಷರವನ್ನೂ ನಾವು ‘ಬರೆಯು’ತ್ತೇವೆ, ಚಿತ್ರವನ್ನೂ ‘ಬರೆಯು’ತ್ತೇವೆ. ಮರಿಯನ್ ಕೂಡ ಈ ಎರಡನ್ನು ಬೇರೆಯೆಂದು ಎಣಿಸಲಿಲ್ಲ. ಮಕ್ಕಳು ತಾವಾಗಿ ಗೀಚುವ ಸುತ್ತು, ಅಲೆ, ಬಾಗುಗಳಿಂದಲೇ ಕೈಬರಹ ಕಲಿಸಬಹುದೆಂದು 1935ರಲ್ಲಿ ಅಭ್ಯಾಸ ಪುಸ್ತಕಗಳನ್ನು ತಂದಳು. ಅಕ್ಷರ ಬರೆಯಲು ಬಾರದ ಮಗುವನ್ನು ಹಾಗೆಯೇ ಬಿಟ್ಟರೆ ಊರೇ ಕೇಳುತ್ತದೆ. ಚಿತ್ರದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಟ್ಟರೆ ಯಾರೂ ಕೇಳುವುದಿಲ್ಲ. ಒಂದೇ ಕ್ರಿಯಾಪದದ ಎರಡು ಮಕ್ಕಳಲ್ಲಿ ಒಂದಕ್ಕೆ ಮಾತ್ರ ಹೀಗೆ ಅನ್ನ ಹಾಕುತ್ತಾ ಬಂದಿದ್ದೇವೆ. ಇದನ್ನು ಸರಿಪಡಿಸುವ ಕೆಲಸ ಪಠ್ಯಕ್ರಮ ಸಮಿತಿಯಿಂದ ಪೂರ್ತಿ ಆಗುವಂಥದ್ದಲ್ಲ. ಮೊದಲ ಸಲ ತರಗತಿಗೆ ಕಾಲಿಡುವ ಕಲಾವಿದ್ಯಾರ್ಥಿ ತನ್ನ ಕೈಚಳಕ ತೋರಿಸುವ ಮೊದಲು ಮಕ್ಕಳು ಬರೆದದ್ದನ್ನು ಎಷ್ಟು ಹೊತ್ತು ನೋಡುತ್ತಾನೆ ಎನ್ನುವುದರ ಮೇಲೆ ಅದರ ಅರ್ಧ ನಿಂತಿದೆ.