ಗಿಡುಗ, ಪಾರಿವಾಳ ಮತ್ತು ಒಂದು ಹಳೆಯ ಪ್ರಶ್ನೆ

ಒಂಬತ್ತನೇ ತರಗತಿಯಲ್ಲಿದ್ದಾಗ ವಿಜ್ಞಾನದ ಮೇಷ್ಟ್ರನ್ನು ಕೇಳಿದ್ದೆ: "ಸಾರ್, ಹೋರಿಗಳು ಗುದ್ದಾಡುವಾಗ ಸೋತದ್ದು ಹಿಂದೆ ಸರಿದರೆ, ಗೆದ್ದದ್ದು ಅದನ್ನು ಕೊಲ್ಲದೆ ಬಿಡುತ್ತದಲ್ಲ, ಏಕೆ?"

"ಎಲ್ಲವೂ ಕೊಂದಾಡಿದರೆ ಆ ಜಾತಿಯೇ ಅಳಿದುಹೋಗುತ್ತದಲ್ಲಪ್ಪಾ" ಎಂದರು.

ಉತ್ತರ ಸರಿಯೆನಿಸಿತ್ತು. 1960ರ ದಶಕದವರೆಗೂ ಅನೇಕ ಜೀವವಿಜ್ಞಾನಿಗಳು ಹಾಗೆಯೇ ನಂಬಿದ್ದರೆಂದು ತಿಳಿದದ್ದು, ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ.

ಆದರೆ ಅದರಲ್ಲೊಂದು ತೊಡಕಿದೆ. ಹೆಚ್ಚು ಮರಿಗಳನ್ನು ಉಳಿಸಿಹೋದ ಪ್ರಾಣಿಯ ಗುಣ ಮುಂದಿನ ಪೀಳಿಗೆಯಲ್ಲಿ ಹೆಚ್ಚುತ್ತದೆ. ಇದೇ ಡಾರ್ವಿನ್ ಹೇಳಿದ ನೈಸರ್ಗಿಕ ಆಯ್ಕೆ. ತಾಳ್ಮೆಯ ಪ್ರಾಣಿಗಳ ನಡುವೆ ಕ್ರೂರಿಯೊಂದು ಹುಟ್ಟಿದರೆ ಲಾಭವೆಲ್ಲ ಅದಕ್ಕೇ. ಹಾಗಿದ್ದೂ ತಾಳ್ಮೆ ಉಳಿದದ್ದು ಹೇಗೆ?

ಈ ಗಂಟನ್ನು ಬಿಡಿಸಹೊರಟವರಲ್ಲಿ ಒಬ್ಬರು ಜಾರ್ಜ್ ಪ್ರೈಸ್. ಅಮೆರಿಕದ ಈ ರಸಾಯನವಿಜ್ಞಾನಿ ಐಬಿಎಂನಲ್ಲಿ ದುಡಿದು, 1967ರಲ್ಲಿ ಲಂಡನ್ನಿಗೆ ಬಂದು, ಸ್ವಂತ ಓದಿನಿಂದ ಜೀವವಿಜ್ಞಾನ ಕಲಿತವರು. ಪ್ರಾಣಿಗಳ ಕಾದಾಟದ ಬಗ್ಗೆ 'ನೇಚರ್' ಪತ್ರಿಕೆಗೆ ದೀರ್ಘ ಲೇಖನ ಕಳಿಸಿದರು. ಅದನ್ನು ಪರಿಶೀಲಿಸಿದವರು ಜಾನ್ ಮೇನಾರ್ಡ್ ಸ್ಮಿತ್. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನದ ಎಂಜಿನಿಯರ್ ಆಗಿದ್ದು, ಆಮೇಲೆ ಜೆ.ಬಿ.ಎಸ್. ಹಾಲ್ಡೇನ್ ಬಳಿ ಪ್ರಾಣಿಶಾಸ್ತ್ರ ಓದಿದವರು. (ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ಇಲ್ಲೇ ನೆಲೆಸಿದರು.) ಲೇಖನ ತುಂಬಾ ಉದ್ದವಾಯಿತೆಂದು ಅದು ಅಚ್ಚಾಗಲಿಲ್ಲ, ಪ್ರೈಸ್ ಬೇರೆ ಕೆಲಸ ಹಿಡಿದರು. ಮುಂದೆ ಅದೇ ದಾರಿಯಲ್ಲಿ ಯೋಚಿಸಿದ ಮೇನಾರ್ಡ್ ಸ್ಮಿತ್, ಮೂಲ ವಿಚಾರ ಪ್ರೈಸ್ ಅವರದೆಂದು ಒಪ್ಪಿ ಅವರನ್ನು ಜೊತೆಗೂಡಿಸಿಕೊಂಡರು. 1973ರಲ್ಲಿ ಇಬ್ಬರ ಹೆಸರಿನಲ್ಲೂ ಲೇಖನ ಬಂತು. ಕಾದಾಟಗಳನ್ನು ಅವರು ಕಂಪ್ಯೂಟರಿನಲ್ಲಿ ಆಡಿಸಿ ನೋಡಿದ್ದರು.

ಅರ್ಥಶಾಸ್ತ್ರಕ್ಕೆಂದು ಬೆಳೆದಿದ್ದ ಗೇಮ್ ಥಿಯರಿ ಹೀಗೆ ಕಾಡಿಗೆ ಬಂತು. ಅದರ ಸರಳ ರೂಪ ಇದು. ಪ್ರಾಣಿಗಳಲ್ಲಿ ಎರಡು ಬಗೆ: ಕೊನೆವರೆಗೂ ಕಾದುವ 'ಗಿಡುಗ', ಬರಿದೇ ಬೆದರಿಸಿ ಹಿಂದೆ ಸರಿಯುವ 'ಪಾರಿವಾಳ'. ಗೆದ್ದರೆ 50 ಅಂಕ, ಗಾಯವಾದರೆ 100 ನಷ್ಟ ಎನ್ನೋಣ. ಪಾರಿವಾಳಗಳೆರಡು ಎದುರಾದರೆ ಸರಾಸರಿ ತಲಾ 25. ಗಿಡುಗಕ್ಕೆ ಪಾರಿವಾಳ ಸಿಕ್ಕರೆ ಗಿಡುಗಕ್ಕೆ 50, ಪಾರಿವಾಳಕ್ಕೆ ಸೊನ್ನೆ. ಗಿಡುಗಗಳೆರಡು ಕಾದಿದರೆ ಸರಾಸರಿ ತಲಾ 25 ನಷ್ಟ. ಎಲ್ಲವೂ ಪಾರಿವಾಳವಾದಾಗ ಗಿಡುಗಕ್ಕೆ ಹಬ್ಬ. ಎಲ್ಲವೂ ಗಿಡುಗವಾದಾಗ ಪಾರಿವಾಳವೇ ಮೇಲು. ಅರ್ಧಕ್ಕರ್ಧ ಬಂದಾಗ ಎರಡಕ್ಕೂ ಸಮನಾಗಿ ಹನ್ನೆರಡೂವರೆ ಸಿಕ್ಕಿ ತಕ್ಕಡಿ ನಿಲ್ಲುತ್ತದೆ.

ಗಮನಿಸಿ: ಎಲ್ಲವೂ ಶಾಂತವಾಗಿದ್ದಿದ್ದರೆ ತಲಾ 25 ಸಿಗುತ್ತಿತ್ತು. ತಕ್ಕಡಿ ನಿಂತದ್ದು ಅದರ ಅರ್ಧದಲ್ಲಿ. ಅಂದರೆ ತಾಳ್ಮೆ ಉಳಿದದ್ದು ಜಾತಿಯ ಹಿತಕ್ಕಾಗಿ ಅಲ್ಲ. ಗಾಯದ ಬೆಲೆ ಗೆಲುವಿನ ಬೆಲೆಗಿಂತ ದೊಡ್ಡದಾದ್ದರಿಂದ.

ಪ್ರೈಸ್ ತಮ್ಮಲ್ಲಿದ್ದುದನ್ನೆಲ್ಲ ಮನೆಯಿಲ್ಲದವರಿಗೆ ಹಂಚಿ, 1975ರ ಜನವರಿಯಲ್ಲಿ ಬಡತನದಲ್ಲೇ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದ ಕೆಲವೇ ಮಂದಿಯಲ್ಲಿ ಮೇನಾರ್ಡ್ ಸ್ಮಿತ್ ಒಬ್ಬರು. ಹೆಸರು ಹಂಚಿಕೊಳ್ಳದಿದ್ದರೂ ಅವರನ್ನು ಕೇಳುವವರಿರಲಿಲ್ಲ. ಅವರೇ ಬರೆದ ಲೆಕ್ಕದಲ್ಲಿ ಇಂಥ ನಡತೆಗೆ ಅಂಕವೇ ಇಲ್ಲ. ಮನುಷ್ಯ ಆ ಲೆಕ್ಕವನ್ನು ಮೀರಬಲ್ಲ ಎಂದು ನನಗನಿಸುವುದು ಇಲ್ಲೇ.

ಜೀವಶಾಸ್ತ್ರ ಬಿಟ್ಟು ಎಂಜಿನಿಯರಿಂಗ್ ಸೇರಿದೆನಲ್ಲ ಎಂಬ ಕೊರಗು ನನಗಿತ್ತು. ಈ ಇಬ್ಬರ ಕಥೆ ಓದಿದ ಮೇಲೆ ಅದು ಹೋಯಿತು. ಈಗ ಆ ಬೆಂಚುಗಳಲ್ಲಿ ಕೂತಿರುವ ತಮ್ಮ ತಂಗಿಯರೇ, ಯಾವ ಓದೂ ದಂಡವಲ್ಲ; ಪ್ರಶ್ನೆಯನ್ನು ಮಾತ್ರ ಬಿಡಬೇಡಿ.

ಮೇಷ್ಟ್ರು ಈಗಿಲ್ಲ. ಇದ್ದಿದ್ದರೆ ಈ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಮಾಡಿ ತೋರಿಸುತ್ತಿದ್ದೆ. ತಪ್ಪಿದ್ದರೆ ತಿದ್ದುತ್ತಿದ್ದರು.