ಹೆಡ್‌ಲೈಟ್ ಗೀರು ನಿವಾರಣೆ

ಹೆಡ್‌ಲೈಟ್ ಗೀರು ನಿವಾರಣೆಯು ಕಾರಿನ ಮುಂದೀಪದ ಪ್ಲಾಸ್ಟಿಕ್ ಹೊದಿಕೆಯ ಗೀರು, ಮಬ್ಬುಗಳನ್ನು ಉಜ್ಜಿ ತೆಗೆಯುವ ಕ್ರಿಯೆ. ಮಬ್ಬಾದ ಹೊದಿಕೆ ಬೆಳಕನ್ನು ಚದುರಿಸುವುದರಿಂದ ರಾತ್ರಿ ರಸ್ತೆ ಸರಿಯಾಗಿ ಕಾಣದು. ಎದುರಿನ ಚಾಲಕನ ಕಣ್ಣೂ ಕುಕ್ಕುತ್ತದೆ.

ಹೊದಿಕೆಯ ಪಾಲಿಕಾರ್ಬೊನೇಟ್ ಗಾಜಿನಂತೆ ಒಡೆಯದು, ಆದರೆ ಮೆದು. ಆದ್ದರಿಂದ ಕಾರ್ಖಾನೆಯಲ್ಲೇ ಅದಕ್ಕೆ ನೇರಳಾತೀತ ಕಿರಣಗಳನ್ನು ತಡೆಯುವ ಗಟ್ಟಿ ಲೇಪನ ಕೊಡಲಾಗುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂತಹ ಕಡೆ ಬಯಲಲ್ಲೇ ನಿಲ್ಲುವ ಕಾರುಗಳಲ್ಲಿ ಬಿಸಿಲಿಗೆ ಈ ಲೇಪನ ಹಾಳಾಗುತ್ತದೆ. ಧೂಳನ್ನು ಒಣಬಟ್ಟೆಯಿಂದ ಒರೆಸುವ ರೂಢಿ ಗೀರುಗಳನ್ನು ಹೆಚ್ಚಿಸುತ್ತದೆ.

ಹೊದಿಕೆಯನ್ನು ತೊಳೆದು, ಸುತ್ತಲಿನ ಬಣ್ಣಕ್ಕೆ ಟೇಪು ಅಂಟಿಸಿ, 800, 1500, 2000ನೇ ಸಂಖ್ಯೆಯ ಉಪ್ಪುಕಾಗದಗಳಿಂದ ನೀರು ಹಾಕುತ್ತ ಕ್ರಮವಾಗಿ ಉಜ್ಜಿ ಪಾಲಿಶ್ ಮಾಡಲಾಗುತ್ತದೆ. ಉಜ್ಜುವಾಗ ಉಳಿದ ಲೇಪನವೂ ಹೋಗುವುದರಿಂದ ಹೊಸ ನೇರಳಾತೀತ ನಿರೋಧಕ ಲೇಪನ ಅಗತ್ಯ. ಇಲ್ಲವಾದರೆ ಹೊದಿಕೆ ಬೇಗನೆ ಮತ್ತೆ ಹಳದಿಯಾಗುತ್ತದೆ. ಟೂತ್‌ಪೇಸ್ಟಿನ ಜನಪ್ರಿಯ ಉಪಾಯದ ಕೊರತೆಯೂ ಇದೇ. ಒಳಮೈಯ ತೇವ, ಬಿರುಕುಗಳು ಈ ವಿಧಾನದಿಂದ ಹೋಗವು.